ಹಜಾರದ ಟೈಲ್ಸ್ ಕೂರಿಸಿದ ಅತಿಥಿ

ತೊಂಬತ್ತರ ದಶಕದ ಮೊದಲಲ್ಲಿ ನಾನು ಸಿಡ್ನಿಯ ಒಂದು ಗೆಸ್ಟ್‌ಹೌಸಿನಲ್ಲಿ ಬೆಳಗಿನ ತಿಂಡಿ ಮಾಡಿಕೊಡುತ್ತಿದ್ದೆ. ನೂರು ವರ್ಷ ದಾಟಿದ ಎರಡಂತಸ್ತಿನ ಮನೆ. ಬಾಲ್ಕನಿಗೆ ಕಸೂತಿಯಂಥ ಕಬ್ಬಿಣದ ಕಟಾಂಜನ, ಹಜಾರದ ನೆಲಕ್ಕೆ ಬಣ್ಣದ ಟೈಲ್ಸ್. ಮಾಲೀಕರು ಬಹುಕಾಲದಿಂದ ಜೊತೆಗೆ ಬಾಳುತ್ತಿದ್ದ ಇಬ್ಬರು ಗಂಡಸರು. ಬರುವ ಅತಿಥಿಗಳೂ ಸಲಿಂಗಿ ಗಂಡಸರೇ, ಅದರಲ್ಲೂ ಲೆದರ್ ಉಡುಪಿನ ಷೋಕಿಯವರು: ಕರಿ ಲೆದರ್ ಪ್ಯಾಂಟು, ವೇಸ್ಟ್‌ಕೋಟು, ಮೊಣಕಾಲುದ್ದದ ಬೂಟು. ಮೊದಲ ದಿನ ಟೀ ಕಪ್ಪನ್ನು ಮೇಜಿನ ತುದಿಯಲ್ಲಿಟ್ಟು ಅಡುಗೆಮನೆಗೆ ಓಡಿದ್ದೆ. ವಾರದೊಳಗೆ ಭಯ ಹೋಯಿತು. ತಿಂದ ತಟ್ಟೆಯನ್ನು ತಾವೇ ತೊಳೆದಿಡುವ ಗಂಡಸರನ್ನು ನಾನು ಅಲ್ಲಿಯೇ ಮೊದಲು ಕಂಡದ್ದು.

ಆದರೂ ಸಿಡ್ನಿಯ ನಮ್ಮ ಕನ್ನಡದವರಿಗೆ ನಾನಿರುವ ಜಾಗ ಒಂದು "ಹೆರಿಟೇಜ್ ಹೋಟೆಲ್" ಎಂದಷ್ಟೇ ಹೇಳಿದ್ದೆ. ಗಂಡನಿಗೂ ಅಷ್ಟೇ.

ಒಂದು ಬೇಸಿಗೆಯಲ್ಲಿ ನೀರಿನ ಪೈಪು ಒಡೆದು ಹಜಾರವನ್ನು ಅಗೆಯಬೇಕಾಯಿತು. ಆರೇಳು ಟೈಲ್ಸ್ ಚೂರಾದವು. ಅಂಥವು ಈಗ ಸಿಗುವುದಿಲ್ಲವೆಂದು ಮಾಲೀಕರು ತಲೆಯ ಮೇಲೆ ಕೈಹೊತ್ತು ಕೂತರು. ಆಗ ಮೆಲ್ಬರ್ನ್‌ನಿಂದ ಬಂದಿದ್ದ ದೊಡ್ಡ ಗಡ್ಡದ ಅತಿಥಿ, "ಮೆಟ್ಟಿಲ ಕೆಳಗಿನ ಗೂಡಿನ ನೆಲಕ್ಕೂ ಇವೇ ಟೈಲ್ಸ್ ಇವೆ, ಯಾರ ಕಣ್ಣಿಗೂ ಬೀಳಲ್ಲ. ಅವನ್ನೇ ಎಬ್ಬಿಸ್ತೀನಿ" ಎಂದ. ಹಳೆಯ ಮನೆಗಳ ನೆಲ ದುರಸ್ತಿ ಮಾಡುವುದೇ ಅವನ ಕಸುಬಂತೆ.

ಮರುದಿನ ರೈಲು ಇರಲಿಲ್ಲ. ನಾವಿದ್ದ ಕ್ವೇಕರ್ಸ್ ಹಿಲ್ ಬಡಾವಣೆಯ ನೆರೆಮನೆಯ ಆಂಟಿ, ಮೈಸೂರಿನ ನಿವೃತ್ತ ಡಾಕ್ಟರು, ಕಾರಿನಲ್ಲಿ ನನ್ನನ್ನು ಬಿಟ್ಟರು. "ಬಾತ್‌ರೂಮ್ ಯೂಸ್ ಮಾಡ್ಕೊಂಡು ಹೊರಡ್ತೀನಿ ಕಣೇ" ಎಂದು ಒಳಗೇ ಬಂದುಬಿಟ್ಟರು. ಹಜಾರದಲ್ಲಿ ಆ ಗಡ್ಡದವನು ಲೆದರ್ ಪ್ಯಾಂಟಿನಲ್ಲೇ ಮಂಡಿಯೂರಿ ಟೈಲ್ಸ್ ಕೂರಿಸುತ್ತಿದ್ದ. ಬೇರೆ ಬಟ್ಟೆಯನ್ನೇ ತಂದಿರಲಿಲ್ಲ.

"ಬೈಕ್ ಕ್ಲಬ್ಬಿನವ್ರಾ?" ಆಂಟಿ ಪಿಸುಗುಟ್ಟಿದರು.

ಹೌದು ಎನ್ನಬಹುದಿತ್ತು. "ಅಲ್ಲ ಆಂಟಿ. ಗೇ. ಇಲ್ಲಿಗೆ ಬರೋರೆಲ್ಲಾ ಗೇ," ಎಂದುಬಿಟ್ಟೆ.

ಆಂಟಿ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಅವನಿಗೆ ಇಂಗ್ಲಿಷಿನಲ್ಲಿ, "ಆ ಬಾರ್ಡರ್ ಸ್ವಲ್ಪ ಸೊಟ್ಟ ಇದೆ" ಎಂದರು. ಅವನು ಅಳತೆಪಟ್ಟಿ ಇಟ್ಟು ನೋಡಿ, ನಗುತ್ತಾ ಟೈಲ್ ಕಿತ್ತ.

"ನಾನು ಡಾಕ್ಟರು, ಹೇಳ್ತೀನಿ ಕೇಳಿ. ಮಂಡಿಗೆ ಪ್ಯಾಡ್ ಹಾಕ್ಕೋಬೇಕು ನೀವು," ಎಂದರು ಆಂಟಿ.

"ಡಾಕ್ಟರ್, ಇದಕ್ಕಿಂತ ದಪ್ಪ ಪ್ಯಾಡ್ ಬೇಕಾ?" ಎಂದು ತನ್ನ ಲೆದರ್ ಪ್ಯಾಂಟು ತಟ್ಟಿ ತೋರಿಸಿದ. ಆಂಟಿ ನಗು ತಡೆಯಲಾರದೆ ಮೆಟ್ಟಿಲ ಮೇಲೆ ಕುಳಿತರು, ನನ್ನಿಂದ ಎರಡು ಸಲ ಟೀ ತರಿಸಿಕೊಂಡರು.

ಭಾನುವಾರ ಕನ್ನಡದವರೆಲ್ಲ ಸೇರಿದ್ದಾಗ ಆಂಟಿಯೇ ಎಲ್ಲರಿಗೂ ಹೇಳಿದರು. ಒಬ್ಬಾಕೆ ನನ್ನನ್ನು ಕರೆಯುವುದನ್ನೇ ಬಿಟ್ಟಳು. ಮೂವರು ತಮ್ಮ ಮನೆಯ ನೆಲ ಸರಿಮಾಡಿಸಲು ಅವನ ಫೋನ್ ನಂಬರ್ ಕೇಳಿದರು. ನನ್ನ ಗಂಡ ಎರಡು ದಿನ ಮುನಿಸಿಕೊಂಡಿದ್ದ. ಕೆಲಸಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ.

ಮುಂದಿನ ವರ್ಷ ನಾನೂ ಗಂಡನೂ ಮೆಲ್ಬರ್ನ್‌ಗೆ ಹೋದಾಗ ಆ ಗಡ್ಡದವನು ಅಲ್ಲಿನ ಬಾಕ್ಸ್ ಹಿಲ್ ಸ್ಟೇಷನ್ನಿಗೆ ಬಂದು ನಮ್ಮನ್ನು ಊಟಕ್ಕೆ ಕರೆದೊಯ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ನನ್ನ ಗಂಡನಿಗೆ ಭಾರಿ ನಿರಾಸೆಯಾಯಿತು.