ಜೀವ ಮನೆಗೆ ಬರುವವರೆಗೆ ಕಾದವರು

ಕ್ಯಾಲಿಫೋರ್ನಿಯಾದ ಈ ಬಾದಾಮಿ ತೋಟಗಳ ಸೀಮೆಯಲ್ಲಿ ಬಡ ಕುಟುಂಬಗಳ ನೆರವಿನ ಕಾರ್ಯಕ್ಕೆ ಒಂದು ಮುಖವಿದ್ದರೆ ಅದು ಶ್ರೀಮತಿ ಇಲ್ದಾ ಸಿಲ್ವೇರಾ ಅವರದು. ಅವರ ಕೈಕೆಳಗೆ, ನಿರಾಶ್ರಿತರಾಗಿ ಇಲ್ಲಿಗೆ ಬಂದ ನಮ್ಮ ಹ್ಮಾಂಗ್ ಜನರ ಭಾಷೆಯ ದುಭಾಷಿಯಾಗಿ ಸೇರಿ ಬೆಳೆದ ನನಗೆ, ಅವರ ನಿವೃತ್ತಿ ಇನ್ನೂ ಕನಸಿನಲ್ಲಿ ಕೇಳಿದ ಮಾತಿನಂತಿದೆ.

ನೆರವಿನ ಹಣ ಪಡೆಯುವ ಮನೆಯ ಚಿಕ್ಕ ಮಕ್ಕಳಿಗೆ ಲಸಿಕೆ ಹಾಕಿಸಲೇಬೇಕೆಂಬುದು ಅಂದಿನ ನಿಯಮ. ಇಲ್ಲವಾದರೆ ತಾಯಿಯ ಪಾಲಿನ ಹಣಕ್ಕೆ ಕತ್ತರಿ. ನಂಬಿಕೆಗೆ ವಿರುದ್ಧವೆಂದು ಬರೆದುಕೊಟ್ಟವರಿಗೆ ವಿನಾಯಿತಿ. ನಮ್ಮ ಹ್ಮಾಂಗ್ ತಾಯಂದಿರು ಬಾಯಿ ತೆರೆಯುವ ಮೊದಲೇ ವಿನಾಯಿತಿ ದಯಪಾಲಿಸಿ ಕೈತೊಳೆದುಕೊಳ್ಳುವುದು ಕಚೇರಿಯ ಔದಾರ್ಯವಾಗಿತ್ತು.

ಪೇಟೆಯಲ್ಲಿ ದಡಾರ ಕಾಣಿಸಿಕೊಂಡಿದ್ದ ಒಂದು ಚಳಿಗಾಲ, ಮಂಜು ಕಿಟಕಿಗೆ ಮೆತ್ತಿಕೊಂಡಿದ್ದ ಬೆಳಿಗ್ಗೆ, ಪಾ ಹುವಾ ಎಂಬ ತಾಯಿ ಮಗಳು ಕಿಯಾಳನ್ನು ಬೆನ್ನಿಗೆ ಕಟ್ಟಿಕೊಂಡು ಕಚೇರಿಗೆ ಬಂದಳು. ಹಿಂದಿನ ಸೂಜಿಗೆ ಬೆಚ್ಚಿಬಿದ್ದ ಕೂಸು ಅಂದಿನಿಂದ ನಿದ್ದೆಯಲ್ಲಿ ಕಿರುಚುತ್ತಿತ್ತು. ಮೇಲ್ವಿಚಾರಕರು ವಿನಾಯಿತಿ ಬರೆಯಲು ಪೆನ್ನು ತೆಗೆದರು. ಇಲ್ದಾ ಅಮ್ಮ ತಡೆದು, ನನ್ನ ಮೂಲಕ ಕೇಳಿದರು:

"ಸೂಜಿ ಬೇಡ್ವೇ ಬೇಡ ಅಂತೀಯಾ ಮಗಳೇ, ಇಲ್ಲಾ ಈಗ ಬೇಡ ಅಂತೀಯಾ?"

"ಯಾಕಮ್ಮಾ ಬೇಡ? ಥಾಯ್ಲೆಂಡ್ ಶಿಬಿರದಲ್ಲಿ ದಡಾರಕ್ಕೆ ತಮ್ಮನ್ನ ಕಳ್ಕೊಂಡೋಳು ನಾನು. ಆದ್ರೆ ಇವಳ ಜೀವ ಹೆದರಿ ಓಡ್ಹೋಗಿದೆ. ಖಾಲಿ ಮೈಗೆ ಚುಚ್ಚಿದ್ರೆ ಅದು ವಾಪಸ್ ಬರುತ್ತಾ? ಓಡ್ಹೋದ ಜೀವಾನ ಕರೆಯೋ ತಾತ ಸಾವಿನ ಮನೆಗೆ ಅಂತ ಮಿನ್ನೆಸೋಟಾಗೆ ಹೋಗಿದಾರೆ."

"ಹಾಗಾದ್ರೆ ತಾತ ಬರ್ಲಿ."

"ಕಾಯೋದಕ್ಕೆ ಕಾರಣ ಏನಂತ ಬರೀಲಿ? ಜೀವ ಊರಲ್ಲಿಲ್ಲ ಅಂತಾನಾ?" ಎಂದು ಮೇಲ್ವಿಚಾರಕರು ನಕ್ಕರು.

"ಅದನ್ನೇ ಬರೀರಿ ಸಾರ್, ಸುಳ್ಳೇನಲ್ವಲ್ಲ" ಎಂದರು ಇಲ್ದಾ ಅಮ್ಮ.

ಕಡಿತವಿಲ್ಲದೆ ಕಾಲಾವಕಾಶ ಸಿಕ್ಕಿತು. ಆದರೆ ಕೂಸಿಗೇನಾದರೂ ಆದರೆ ತಾನೇ ಹೊಣೆಯೆಂಬ ಭಯ ಇಲ್ದಾ ಅಮ್ಮನನ್ನು ಬಿಡಲಿಲ್ಲ. ಸಂಜೆಯಾದರೆ ಆ ಮನೆಗೆ ಹೋಗಿ, ಕೆಮ್ಮುವ ನೆಂಟರನ್ನು ಹೊಸ್ತಿಲಾಚೆಗೇ ನಿಲ್ಲಿಸಿ ಬೈಸಿಕೊಳ್ಳುತ್ತಿದ್ದರು.

ಕೊನೆಗೂ ತಾತ ಬಂದರು. ತೆರೆದ ಬಾಗಿಲಲ್ಲಿ ಮೊಟ್ಟೆ, ಅಕ್ಕಿ, ಊದುಬತ್ತಿ ಇಟ್ಟು, ಮಂಜಿನತ್ತ ಮುಖಮಾಡಿ, ಕಿಯಾಳ ಜೀವವನ್ನು ಹೆಸರು ಹಿಡಿದು ಕರೆದರು. ಆ ಕರೆ ತೋಟಗಳ ಮೇಲೆ ತೇಲಿಹೋಗುವಾಗ ನಾವೆಲ್ಲ ಯಾರದೋ ನಿದ್ದೆಯೊಳಗೆ ನಿಂತಿರುವಂತೆ ನನಗೆ ತೋರಿತು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಇಲ್ದಾ ಅಮ್ಮನೂ ಕೈಯೊಡ್ಡಿ, ಜೀವ ಮೈಬಿಟ್ಟು ಹೋಗದಿರಲೆಂದು ಮಣಿಕಟ್ಟಿಗೆ ಬಿಳಿ ದಾರ ಕಟ್ಟಿಸಿಕೊಂಡರು.

ಮರುದಿನ ಆಸ್ಪತ್ರೆಯಲ್ಲಿ ದಾದಿ ಸೂಜಿ ಎತ್ತಿದಾಗ ಇಲ್ದಾ ಅಮ್ಮ, "ಸ್ವಲ್ಪ ತಾಳಮ್ಮಾ" ಎಂದರು. ಪಾ ಹುವಾ ಮಗಳ ಕಿವಿಯಲ್ಲಿ ಹೇಳಿದಳು: "ಜೀವವೇ, ಹೆದರ್ಬೇಡ, ಎಲ್ಲೂ ಹೋಗ್ಬೇಡ. ಚುಚ್ಚಿಸ್ತಿರೋದು ನಿಮ್ಮಮ್ಮ." ಕಿಯಾ ಜೋರಾಗಿ ಅತ್ತಳು, ಆಮೇಲೆ ತಾಯಿಯ ಹೆಗಲ ಮೇಲೇ ನಿದ್ದೆಹೋದಳು.

ಇಂದಿಗೂ ಅಲ್ಲಿ ನಮ್ಮ ಕೂಸುಗಳ ಮುಂದೆ ದಾದಿಯರು ಸೂಜಿ ಹಿಡಿದು ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾರೆ; ಯಾಕೆಂದು ಹೊಸಬರಿಗೆ ಗೊತ್ತಿಲ್ಲ. ಇಲ್ದಾ ಅಮ್ಮ ನೂರ್ಕಾಲ ಬಾಳಲಿ, ಮನೆಯಲ್ಲಿ ಕೂತೂ ನಮ್ಮನ್ನು ಗದರುತ್ತಿರಲಿ. ತಾಯಿಯ ಮಾತು ಮುಗಿಯುವವರೆಗೆ ಸೂಜಿ ಕಾಯುತ್ತಿರಲಿ.