ಊಟ ಮಾಡಿದರೆ ಒಪ್ಪಿದ ಹಾಗೆ

ನನ್ನ ಗಂಡ ಜಾವಗಲ್ಲಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕನ್ನಡ ಪಾಠ ಮಾಡಿದವರು. ಊರಿಗೆಲ್ಲ ಮೇಷ್ಟ್ರು, ನನಗೂ ಮೇಷ್ಟ್ರೇ. ಅವರು ತೀರಿಕೊಂಡು ಎರಡು ವರ್ಷವಾಯಿತು. ಅವರ ಹತ್ತಿರ ಓದಿದವರು ಈಗಲೂ ಮನೆಗೆ ಬಂದು, ದೇವರಂಥ ಮನುಷ್ಯ ಎಂದು ಕಣ್ಣು ಒರೆಸಿಕೊಳ್ಳುತ್ತಾರೆ. ಇದ್ದರೂ ಇರಬಹುದು. ಆ ದೇವರ ಮನೆಯಲ್ಲಿ ಒಲೆ ಊದಿದವಳು ನಾನು. ನನ್ನ ಕಣ್ಣಲ್ಲಿ ನೀರು ಬರುತ್ತಿದ್ದದ್ದು ಹೊಗೆಗೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದರಲ್ಲಿ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ. ಕೆಂಪು ಪೆನ್ನು ಹಿಡಿದು ಕೂರುತ್ತಿದ್ದವರು ಈಗಿಲ್ಲ.

ಮೇಷ್ಟ್ರು ಬೆಳಿಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ಕಣ್ಣು ಬಿಡುತ್ತಿರಲಿಲ್ಲ. ಪೂಜೆ ಮುಗಿಸಿ ನೇರ ಜಗಲಿಗೆ ಹೋಗುತ್ತಿದ್ದರು. ನಮ್ಮ ಮನೆ ಹಳೇಬೀಡಿನ ರಸ್ತೆಗೆ ಅಂಟಿಕೊಂಡೇ ಇದೆ, ಬಸ್ಸು ನಿಲ್ಲುವುದು ನಾಲ್ಕು ಹೆಜ್ಜೆ ಆಚೆ. ಬಸ್ಸು ತಪ್ಪಿದವರು, ಬಿಸಿಲಿಗೆ ಸೋತವರು ಯಾರಾದರೂ ಜಗಲಿಯ ಮೇಲೆ ಕೂತಿದ್ದರೆ ಮುಗಿಯಿತು, ಅವರಿಗೆ ಹಾಕಿದ ಮೇಲೇ ಇವರು ಉಣ್ಣುವುದು. ಒಮ್ಮೆ ಬಸ್ಸು ಕೆಟ್ಟು ನಿಂತಾಗ ಡ್ರೈವರು, ಕಂಡಕ್ಟರು ಸೇರಿ ಹದಿನಾಲ್ಕು ಜನ ಉಂಡರು. ಬಸ್ಸಿಗೆ ಮಾತ್ರ ಅನ್ನ ಹಾಕಲಿಲ್ಲ.

ಇದರ ಮೇಲೆ ಅವರದೊಂದು ಕಟ್ಟಳೆ ಬೇರೆ. ಬಂದವರು ಉಂಡು ಕೈ ತೊಳೆಯುವ ತನಕ ಅವರು ಯಾರು, ಯಾವೂರು, ಯಾತಕ್ಕೆ ಬಂದರು ಎಂದು ಕೇಳುವಂತಿಲ್ಲ. ಕೇಳಿ ಹಾಕಿದರೆ ಅನ್ನಕ್ಕೆ ವಿಳಾಸ ಬರೆದ ಹಾಗೆ ಎನ್ನುತ್ತಿದ್ದರು. ನಮ್ಮ ಮಗ ಒಮ್ಮೆ ಬಾಯಿ ತಪ್ಪಿ ಕೇಳಿದ್ದಕ್ಕೆ ಅವನ ತಟ್ಟೆಯನ್ನೇ ಎತ್ತಿ ಬಂದವನ ಮುಂದೆ ಇಟ್ಟಿದ್ದರು. ಹಾಗೆಂದು ಮನೆಯವರನ್ನು ಮರೆತವರಲ್ಲ. ಅವರ ಅಮ್ಮನಿಗೆ ಕಣ್ಣು ಹೋದ ಮೇಲೆ ಆರು ವರ್ಷ ಕೈಯಾರೆ ತುತ್ತು ಮಾಡಿ ತಿನ್ನಿಸಿದರು. ಮೊಮ್ಮಗಳು ಸ್ಕೂಲಿಗೆ ಹೋಗುವಾಗ ಎರಡು ಜಡೆ ಹೆಣೆದು ಟೇಪು ಕಟ್ಟುತ್ತಿದ್ದವರು ಅವರೇ. ಜಡೆ ಸೊಟ್ಟ ಬರುತ್ತಿತ್ತು, ಅದು ಬೇರೆ ಮಾತು.

ಆ ಮೊಮ್ಮಗಳು ಓದಿ, ಅರಸೀಕೆರೆಯಲ್ಲಿ ಬ್ಯಾಂಕಿನ ಕೆಲಸಕ್ಕೆ ಸೇರಿದ ಮೇಲೆ ಗಂಡು ನೋಡಲು ಶುರು ಮಾಡಿದೆವು. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ತಿಂದು, ಕಾಫಿ ಕುಡಿದು ಎದ್ದುಬಿಡುತ್ತಾರೆ. ಊಟಕ್ಕೆ ಕೂರುವುದಿಲ್ಲ. ಊಟ ಮಾಡಿದರೆ ಒಪ್ಪಿದ ಹಾಗೆ. ಇದು ಎಲ್ಲರಿಗೂ ಗೊತ್ತು, ಹಳಗನ್ನಡ ಅರೆದು ಕುಡಿದ ಮೇಷ್ಟ್ರಿಗೆ ಮಾತ್ರ ತಲೆಗೆ ಹೋಗಲಿಲ್ಲ. ಮೊದಲನೆಯವರು ಬಂದಾಗ ಮಧ್ಯಾಹ್ನದ ಹೊತ್ತಿನಲ್ಲಿ ಉಣ್ಣದೆ ಹೋಗುವುದುಂಟೇ ಎಂದು ಬಾಗಿಲಿಗೆ ಅಡ್ಡ ನಿಂತರು. ಬಂದವರು ಅವರ ಪಕ್ಕದಲ್ಲಿ ನುಸುಳಿ ಓಡಿದರು. ಆಮೇಲೆ ಮಾತು ಬಂತು: ಹುಡುಗಿಯಲ್ಲಿ ಏನೋ ಐಬು ಇರಬೇಕು, ಇಲ್ಲದಿದ್ದರೆ ಊಟ ಹಾಕಿ ಕಟ್ಟಿಹಾಕುವ ಆತುರ ಯಾಕೆ? ಎರಡನೆಯವರನ್ನು ಕೈ ಹಿಡಿದು ಕೂರಿಸಿಯೇಬಿಟ್ಟರು. ಅವರು ಮುಖ ಗಂಟು ಹಾಕಿಕೊಂಡು ಉಂಡು ಹೋದರು, ಮತ್ತೆ ಫೋನು ಎತ್ತಲಿಲ್ಲ.

ಮೂರನೆಯವರು ಅರಸೀಕೆರೆಯವರು, ಕೊಬ್ಬರಿ ವ್ಯಾಪಾರದ ಮನೆ. ಹುಡುಗನ ಫೋಟೊ ಹುಡುಗಿಯ ಫೋನಿಗೆ ಬಂದಿತ್ತು. ಒಂದು ಸಲ ಮಾತೂ ಆಡಿದ್ದಳು. ಅವಳು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಹಿಂದಿನ ಎರಡು ಸಲ ಇಲ್ಲದವಳು ಈ ಸಲ ತಾನೇ ಸೀರೆ ಇಸ್ತ್ರಿ ಮಾಡಿಕೊಂಡಳು. ಇದೂ ತಪ್ಪಿದರೆ ನಾಲ್ಕನೆಯವರು ನಮ್ಮ ಬೀದಿಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಿಂದಿನ ದಿನವೇ ಮೇಷ್ಟ್ರನ್ನು ಅಡಿಗೆಮನೆಗೆ ಕರೆದು, ನಾಳೆ ಅವರನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಕರೆಯಕೂಡದು, ಊಟ ಎನ್ನುವ ಮಾತು ನಿಮ್ಮ ಬಾಯಲ್ಲಿ ಬರಕೂಡದು ಎಂದೆ. ಆಗಲಿ ಎಂದು ಮಾತು ಕೊಟ್ಟರು. ಮೊಮ್ಮಗಳ ಮೇಲೆ ಅಷ್ಟು ಆಸೆ ಅವರಿಗೆ.

ಭಾನುವಾರ ಹತ್ತೂವರೆಗೆ ಅವರಿಂದ ಫೋನು ಬಂತು, ಅರಸೀಕೆರೆ ಬಿಟ್ಟೆವು ಎಂದು. ಹನ್ನೊಂದೂ ಕಾಲಿಗೆ ಮನೆ ಮುಂದೆ ಬಿಳಿ ಕಾರು ನಿಂತಿತು. ಒಬ್ಬ ಹಿರಿಯರು, ಅವರ ಹೆಂಡತಿ, ಒಬ್ಬ ಹುಡುಗ ಇಳಿದರು. ಹಿರಿಯರು ಕುಡಿಯಲು ನೀರು ಕೇಳಿದರಂತೆ. ನೀರೇನು, ಒಳಗೆ ಬನ್ನಿ, ನಿಮಗೇ ಕಾಯುತ್ತಿದ್ದೇವೆ ಎಂದು ಮೇಷ್ಟ್ರು ಕರೆತಂದು ಚಾಪೆಯ ಮೇಲೆ ಕೂರಿಸಿದರು. ನನ್ನ ಮಗ, ಸೊಸೆಯೂ ಅವರನ್ನು ಮೊದಲು ನೋಡಿದವರಲ್ಲ. ಕೈ ಮುಗಿದರು. ಯಾರು ಎಂದು ಕೇಳುವ ಪದ್ಧತಿಯೇ ನಮ್ಮ ಮನೆಯಲ್ಲಿ ಇರಲಿಲ್ಲವಲ್ಲ.

ಉಪ್ಪಿಟ್ಟು ಕೊಟ್ಟೆ. ಮೂವರೂ ಎರಡು ದಿನದಿಂದ ಅನ್ನ ಕಾಣದವರ ಹಾಗೆ ತಿಂದರು. ಹುಡುಗ ಮೂರು ಸಲ ಹಾಕಿಸಿಕೊಂಡ. ನನಗೆ ಖುಷಿಯೋ ಖುಷಿ, ನಾಚಿಕೆ ಇಲ್ಲದೆ ಉಣ್ಣುವ ಗಂಡು ಒಳ್ಳೆಯವನಿರುತ್ತಾನೆ ಎಂದು ಕೇಸರಿಬಾತಿನ ಪಾತ್ರೆಯನ್ನು ಬಳಿದು ಬಡಿಸಿದೆ. ಹುಡುಗಿ ಕಾಫಿಯ ತಟ್ಟೆ ಹಿಡಿದು ಹೋದವಳು ಮುಖ ಕೆಂಪು ಮಾಡಿಕೊಂಡು ವಾಪಸು ಬಂದಳು.

"ಅಜ್ಜಿ, ಇವನು ಅವನಲ್ಲ."

"ಫೋಟೊದಲ್ಲಿ ಎಲ್ಲರೂ ಹಂಗೇ ಕಣೇ. ನಿಂದು ಮಾತ್ರ ಏನು, ಅರ್ಧ ಪೌಡರು. ಹೋಗು, ಕಾಫಿ ಆರ್ತೈತೆ."

ಅವಳು ಹೋಗಲಿಲ್ಲ. ಅಷ್ಟರಲ್ಲಿ ಹೊರಗಿಂದ ಒಬ್ಬ ಹೆಂಗಸು ಸೊಂಟದ ಮೇಲೆ ಮಗು ಹೊತ್ತು ಒಳಗೆ ಬಂದಳು. ಹುಡುಗ ಎದ್ದು ಮಗುವನ್ನು ಇಸಿದುಕೊಂಡ. ನನ್ನ ಹೆಂಡತಿ, ಮಗು ಮಲಗಿತ್ತು ಅಂತ ಕಾರಲ್ಲೇ ಕೂತಿದ್ದಳು, ಇವಳಿಗೂ ಒಂಚೂರು ಉಪ್ಪಿಟ್ಟು ಸಿಗುತ್ತಾ ಎಂದು ಕೇಳಿದ.

ನನ್ನ ಸೊಸೆ ಕಂಬ ಹಿಡಿದುಕೊಂಡಳು.

ಅವರು ತಡವಾಗಿ ಬಂದ ರೈಲನ್ನು ಹತ್ತು ಗಂಟೆಗೆ ಅರಸೀಕೆರೆಯಲ್ಲಿ ಇಳಿದು, ಬಾಡಿಗೆ ಕಾರಿನಲ್ಲಿ ಹಳೇಬೀಡು, ಬೇಲೂರು ನೋಡಲು ಹೊರಟವರು. ಈ ಕಡೆಯವರು ದಾರಿಹೋಕರನ್ನು ಹೀಗೇ ಕರೆದು ತಿಂಡಿ ಕೊಡುತ್ತಾರೇನೋ ಅಂದುಕೊಂಡರಂತೆ. ಮೇಷ್ಟ್ರು ಒಂದು ಗಳಿಗೆ ನನ್ನ ಮುಖ ನೋಡಿದರು. ಮಾತು ತಪ್ಪಿದೆನೋ ಇಲ್ಲವೋ ಎಂದು ಅವರಿಗೇ ತಿಳಿಯಲಿಲ್ಲ. ಆಮೇಲೆ ಆ ಹೆಣ್ಣುಮಗಳಿಗೆ ಮಣೆ ಹಾಕಿ, ಮಿಕ್ಕಿದ್ದ ಅಷ್ಟೂ ಉಪ್ಪಿಟ್ಟನ್ನು ತಾವೇ ತಂದು ಬಡಿಸಿದರು. ಕೂಸಿಗೆ ಹಾಲು ಕುಡಿಸಿ ಕಳಿಸಿದರು. ನಾನು ಆಡಬೇಕಾದ ಮಾತನ್ನೆಲ್ಲ ಪಾತ್ರೆಗಳ ಕೈಯಲ್ಲಿ ಆಡಿಸಿದೆ.

ಅರಸೀಕೆರೆಯವರ ಕಾರಿಗೆ ದಾರಿಯಲ್ಲಿ ಪಂಕ್ಚರ್ ಆಗಿ, ಅವರು ಬಂದದ್ದು ಒಂದೂ ಕಾಲಿಗೆ. ಹುಡುಗ, ಅವನ ಅಪ್ಪ, ಅಮ್ಮ, ಅಪ್ಪನ ತಾಯಿ. ಈ ಸಲ ಹುಡುಗಿ ಕಿಟಕಿಯಿಂದ ನೋಡಿ, ಹೂಂ, ಇವರೇ ಎಂದು ತಲೆ ಆಡಿಸಿದ ಮೇಲೆ ಬಾಗಿಲು ಪೂರ್ತಿ ತೆರೆದದ್ದು. ಇನ್ನು ಬರುವುದಿಲ್ಲ ಎಂದು ನಾವು ಕೈಬಿಟ್ಟಿದ್ದೆವು, ಮನೆಯಲ್ಲಿ ಒಂದು ಹಿಡಿ ರವೆ ಇರಲಿಲ್ಲ. ಮಗ ರವೆ ತರಲು ಬೈಕು ಹತ್ತಿದ. ಒಲೆಯ ಮೇಲೆ ಇದ್ದದ್ದು ನಮ್ಮ ಮನೆಮಂದಿಗೆ ಮಾಡಿದ್ದ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು. ಒಗ್ಗರಣೆ ಹಾಕಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ, ವಾಸನೆ ಬೀದಿಗೆ ಬಡಿಯುತ್ತಿತ್ತು.

ಎಲ್ಲರೂ ಕೂತರು. ಹೊಟ್ಟೆ ಹಸಿದವರು ಎದುರಿಗೆ ಕೂತಿದ್ದಾರೆ, ಊಟ ಎನ್ನುವಂತಿಲ್ಲ. ಮೇಷ್ಟ್ರು ಮಳೆಯ ಮಾತಾಡಿದರು, ತೆಂಗಿನ ಮಾತಾಡಿದರು, ಮಧ್ಯೆ ಮಧ್ಯೆ ಬಾಯಿ ತೆರೆದು ಮುಚ್ಚುತ್ತಿದ್ದರು. ನೋಡಿ ನನಗೇ ಅಯ್ಯೋ ಅನಿಸಿತು, ಆದರೂ ಅಡಿಗೆಮನೆಯ ಬಾಗಿಲಿಂದ ಕಣ್ಣು ಬಿಟ್ಟು ಹೆದರಿಸುತ್ತಲೇ ಇದ್ದೆ.

ಹುಡುಗನ ಅಜ್ಜಿ ನನ್ನ ವಯಸ್ಸಿನವರೇ. ಸಕ್ಕರೆ ಕಾಯಿಲೆಯವರು, ಬೆಳಿಗ್ಗೆ ಮಾತ್ರೆ ನುಂಗಿ ಹೊರಟಿದ್ದರು. ನೀರಿನ ಲೋಟ ಹಿಡಿದ ಕೈ ನಡುಗಿ ನೀರು ಸೀರೆಯ ಮೇಲೆ ಚೆಲ್ಲಿತು. ಹಣೆಯಲ್ಲಿ ಬೆವರು. ಮೇಷ್ಟ್ರು ಎದ್ದು ಅಡಿಗೆಮನೆಗೆ ಬಂದರು.

"ಮಾತು ಕೊಟ್ಟಿದ್ದೆ ಕಣೇ. ಈಗ ತಪ್ಪುತೀನಿ."

"ಹುಡುಗಿ ಗತಿ ಏನ್ರೀ?"

"ಮೊದಲು ಆ ಅಜ್ಜಿ ಗತಿ ನೋಡು."

ನಾನೇ ತಟ್ಟೆಗೆ ಮುದ್ದೆ ಹಾಕಿ, ಸಾರು ಬಿಟ್ಟು, ತುಪ್ಪ ಸುರಿದೆ. ಬಯ್ಯುತ್ತಲೇ ಹಾಕಿದೆ. ಮೇಷ್ಟ್ರು ತಗೊಂಡು ಹೋಗಿ ಅವರ ಮುಂದೆ ಇಟ್ಟರು. ಹುಡುಗನ ಅಮ್ಮ ತಟ್ಟನೆ ಮುಂದೆ ಬಗ್ಗಿ, ತಾವು ತಂದಿದ್ದ ಹಣ್ಣಿನ ಚೀಲದಿಂದ ಒಂದನ್ನು ತೆಗೆದು, ಅತ್ತೆ, ಊಟ ಬೇಡ, ಬಾಳೆಹಣ್ಣು ತಿನ್ನಿ ಎಂದರು. ಅಜ್ಜಿ ಆಕೆಯ ಕಡೆ ತಿರುಗಲೂ ಇಲ್ಲ. ಬಾಗಿಲಲ್ಲಿ ನಿಂತಿದ್ದ ನಮ್ಮ ಹುಡುಗಿಯನ್ನು ನೋಡಿದರು.

"ಮಗಾ, ನಾನು ಈ ಮುದ್ದೆ ಮುರುದ್ರೆ ನೀನು ನಮ್ಮನೆಗೆ ಬಂದಂಗೆ. ಏನಂತೀಯ?"

ಹೂಂ ಎನ್ನು, ಹೂಂ ಎನ್ನು ಎಂದು ನಾನು ಒಳಗೇ ಹೇಳಿಕೊಳ್ಳುತ್ತಿದ್ದೆ.

"ನೀವು ಉಣ್ಣಿ ಅಜ್ಜಿ," ಎಂದಳು ಅವಳು. "ಹಸಿವಾಗಿ ಉಂಡಿದ್ದಕ್ಕೆ ಮದುವೆ ಯಾಕೆ ಆಗ್ಬೇಕು? ಅವ್ರ ಹತ್ರ ನಾನು ಆಮೇಲೆ ಮಾತಾಡ್ತೀನಿ. ಇಬ್ರಿಗೂ ಸರಿ ಅನ್ಸಿದ್ರೆ ನೋಡಣ."

ಹೋಯಿತು, ಮೂರನೆಯದೂ ಹೋಯಿತು ಎಂದುಕೊಂಡೆ. ಅಜ್ಜಿ ಅವಳನ್ನು ನೋಡಿದರು, ತಟ್ಟೆಯನ್ನು ನೋಡಿದರು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು. ಎರಡು ತುತ್ತು ಇಳಿದ ಮೇಲೆ, ಸಾರಿಗೆ ಉಪ್ಪು ಒಂಚೂರು ಕಮ್ಮಿ ಎಂದರು. ಹುಡುಗ ನಕ್ಕುಬಿಟ್ಟ. ಹಾಗಾದರೆ ನನಗೂ ಒಂದು ಮುದ್ದೆ ಕೊಡಿ ಎಂದು ಚಕ್ಕಂಬಕ್ಕಲ ಹಾಕಿದ. ಅವನ ಅಪ್ಪನೂ ಹೆಗಲ ಮೇಲಿನ ಟವಲು ತೆಗೆದು ಪಕ್ಕಕ್ಕಿಟ್ಟರು. ಅಮ್ಮ ಒಬ್ಬರೇ ಸಿಪ್ಪೆ ಸುಲಿಯದ ಬಾಳೆಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಾಡಿದ್ದ ಮುದ್ದೆಯೆಲ್ಲ ಅಲ್ಲಿಗೇ ಮುಗಿಯಿತು. ನಮಗೆ ಅವತ್ತು ಉಪವಾಸ.

ಕೈ ತೊಳೆದ ಮೇಲೆ ಹುಡುಗ, ಹುಡುಗಿ ಹಿತ್ತಲಿಗೆ ಹೋದರು. ತೆಂಗಿನಮರದ ಬುಡದಲ್ಲಿ ನಿಂತು ಏನು ಮಾತಾಡಿದರೋ, ಅರ್ಧ ಗಂಟೆ ಮಾತಾಡಿದರು. ನಾನು ಹಿತ್ತಲ ಬಾಗಿಲಲ್ಲಿ ಪಾತ್ರೆ ತೊಳೆಯುವ ನೆಪದಲ್ಲಿ ಕೂತು ಕಿವಿ ಕೊಟ್ಟೆ, ಅವಳು ಬಂದು ಬಾಗಿಲು ಎಳೆದುಕೊಂಡು ಹೋದಳು. ಮಗ ರವೆ ತಂದು ಪೊಟ್ಟಣ ಹಿಡಿದು ನಡುಮನೆಯಲ್ಲಿ ನಿಂತಿದ್ದ. ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಲಿಲ್ಲ. ಹುಡುಗನ ಅಮ್ಮ ಗೋಡೆಯ ಗಡಿಯಾರ ನೋಡುತ್ತಿದ್ದರು.

ಇಬ್ಬರೂ ಒಳಗೆ ಬಂದರು. ಹುಡುಗ ತನ್ನ ಅಮ್ಮನ ಹತ್ತಿರ ಹೋಗಿ ಕೂತು, ನಮ್ಮಿಬ್ಬರಿಗೂ ಒಪ್ಪಿಗೆ, ನೀನು ಏನು ಹೇಳ್ತೀಯ ಎಂದು ಕೇಳಿದ. ಆಕೆ ನಮ್ಮ ಹುಡುಗಿಯನ್ನು ಹತ್ತಿರ ಕರೆದರು. ಅತ್ತೆಯ ಮುಖಕ್ಕೆ ಹಾಗೆ ಎದುರುತ್ತರ ಕೊಡಲು ತಮಗೆ ಇಪ್ಪತ್ತೇಳು ವರ್ಷದಿಂದ ಧೈರ್ಯ ಬಂದಿಲ್ಲ ಎಂದರು. ಈಗ ಬಂತಲ್ಲ ಎಂದರು ಹುಡುಗನ ಅಜ್ಜಿ. ಎಲ್ಲರೂ ನಕ್ಕರು. ನಾನು ಎಲೆ ಅಡಿಕೆಯ ತಟ್ಟೆ ತಂದಿಟ್ಟೆ. ಮಗ ಇನ್ನೂ ರವೆಯ ಪೊಟ್ಟಣ ಹಿಡಿದೇ ಇದ್ದ.

ಹುಡುಗನ ಅಮ್ಮ ಬಾಳೆಹಣ್ಣನ್ನು ತಟ್ಟೆಯಲ್ಲಿಟ್ಟು ಅವನಿಗೆ ಹೇಳಿದರು:

"ಅದನ್ನ ಎತ್ತಿಡಿ ಅಣ್ಣ. ನನಗೂ ಮುದ್ದೇನೇ ಹಾಕ್ಸಿ. ಆಗ್ಲಿಂದ ಪ್ರಾಣ ಹೋಗ್ತಾ ಐತೆ."

ಮುದ್ದೆ ಇಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಹಿಟ್ಟು ತೆಗೆಯೋಣ ಎಂದು ಅಡಿಗೆಮನೆಗೆ ಓಡಿದೆ. ಮೇಷ್ಟ್ರು ಆಗಲೇ ಎಸರಿಗೆ ನೀರಿಟ್ಟು ಉರಿ ದೊಡ್ಡದು ಮಾಡುತ್ತಿದ್ದರು.