ಶವಪೆಟ್ಟಿಗೆಯವನ ಪೆನ್ಸಿಲ್

ಗ್ವಾಟೆಮಾಲದ ಆ ಬೆಟ್ಟದೂರಿನ ಸಂತೆಯಲ್ಲಿ ನಿಕೊಲಾಸ ತ್ಸುಲ್ ಮೂವತ್ತೊಂದು ವರ್ಷದಿಂದ ಅತೋಲ್ ಮಾರುತ್ತಿದ್ದಳು. ಗಂಡ ತೀರಿಕೊಂಡ ವಾರಕ್ಕೇ ಮೆಕ್ಕೆಜೋಳ ಬೀಸಿ, ಬಿಸಿಬಿಸಿ ಗಂಜಿ ಕಾಯಿಸಿ ತಂದು ನಿಂತವಳು. ಒಬ್ಬಳೇ ಮಗಳು ಹೆರ್ಮಿನಿಯಾಳನ್ನು ಅದರಲ್ಲೇ ಓದಿಸಿ ಟೀಚರ್ ಮಾಡಿದಳು. ಆದರೆ ಯಾರನ್ನೂ ನಂಬುವ ಜಾಯಮಾನ ಅವಳದಲ್ಲ. ಪಾದ್ರಿ ನಕ್ಕರೂ ಯಾಕೆ ನಕ್ಕ ಎಂದು ಯೋಚಿಸುವವಳು.

ಅಂಥವಳ ಕಣ್ಣಿಗೆ ಒಂದು ಮಂಗಳವಾರ, ಎದುರಿನ ಕಟ್ಟೆಯ ಮೇಲೆ ಕೂತ ಮಕಾರಿಯೊ ಬಿದ್ದ. ಊರಿಗೆಲ್ಲ ಶವಪೆಟ್ಟಿಗೆ ಮಾಡಿಕೊಡುವವನು. ಒಂದು ಕಣ್ಣು ಮುಚ್ಚಿ, ತೋಳು ಚಾಚಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಅದರ ಮೇಲೆ ಹೆಬ್ಬೆರಳು ಜಾರಿಸುತ್ತ ಅವಳನ್ನೇ ನೋಡುತ್ತಿದ್ದ.

ಆ ಊರಲ್ಲಿ ಪೆಟ್ಟಿಗೆಯವನು ಜೀವ ಇರುವವರ ಮೈಗೆ ಟೇಪು ತಾಗಿಸುವುದಿಲ್ಲ, ಅಪಶಕುನ. ಕಾಯಿಲೆಯವರ ಮನೆಯಿಂದ ಗುಟ್ಟಾಗಿ ಹೇಳಿಕಳಿಸುತ್ತಾರೆ. ಅವನು ಕ್ಷೇಮ ವಿಚಾರಿಸುವವನಂತೆ ಬಂದು, ಕಣ್ಣಲ್ಲೇ ಅಳೆದುಕೊಂಡು ಹೋಗುತ್ತಾನೆ.

ಹಾಗಾದರೆ ಹೇಳಿಕಳಿಸಿದವರು ಯಾರು? ಮನೆಯಲ್ಲಿರುವವಳು ಮಗಳೊಬ್ಬಳೇ. "ಅವ್ವಾ, ತುಂಬಾ ಇಳಿದುಹೋಗಿದೀಯ, ಒಂದ್ಸಲ ಆಸ್ಪತ್ರೆಗೆ ಬಾ" ಎಂದು ತಿಂಗಳುಗಟ್ಟಲೆ ಪೀಡಿಸುತ್ತಿದ್ದಳಲ್ಲ! ಹೆತ್ತ ಮಗಳ ಮೇಲೆ ಇಂಥ ಅನುಮಾನವೇ ಎಂದು ಕೇಳಬೇಡಿ. ಅನುಮಾನಕ್ಕೆ ಹೆತ್ತದ್ದು ಹೊತ್ತದ್ದು ಗೊತ್ತಾಗುವುದಿಲ್ಲ. ಅಂದು ರಾತ್ರಿ ಮಗಳು ಬಡಿಸಿದ ತಮಾಲೆ ಕಡುಬನ್ನು ನಿಕೊಲಾಸ ಹಿತ್ತಲ ನಾಯಿಗೆ ಹಾಕಿ, ಏನಾಗುತ್ತದೋ ಎಂದು ಕಾದಳು. ನಾಯಿ ಇನ್ನೊಂದು ಬೇಕೆಂದು ಬಾಲ ಅಲ್ಲಾಡಿಸಿತು.

ಮುಂದಿನ ಸಂತೆಗೂ ಅವನು ಬಂದ, ಅದರ ಮುಂದಿನದಕ್ಕೂ. ನಾಲ್ಕನೆಯ ವಾರ ಅವಳು ಸೌಟು ಇಟ್ಟು ನೇರ ಅವನ ಮುಂದೆ ಹೋಗಿ ನಿಂತಳು.

"ಏನು ದೊನ್ ಮಕಾರಿಯೊ, ಮರ ಯಾವುದು? ಪೈನೋ, ದೇವದಾರೋ?"

"ಯಾವ ಮರ?"

"ನನ್ನ ಪೆಟ್ಟಿಗೇದು. ಮಗಳು ಇನ್ನೆಷ್ಟು ದಿನ ಅಂದ್ಲು?"

ಮಕಾರಿಯೊ ಬೆವರಿಹೋದ. "ಬಿಡ್ತು ಅನ್ನಿ ದೊನ್ಯಾ ನಿಕೊಲಾಸ. ಹೋದ ವರ್ಷ ಶುಭಶುಕ್ರವಾರದ ಮೆರವಣಿಗೆಗೆ ನಾನು ಕೆತ್ತಿದ ಮರದ ಸಿಪಾಯಿಗಳ ತಲೆ ಕುಂಬಳಕಾಯಿ ಥರ ಇದೆ ಅಂತ ಊರೆಲ್ಲ ನಗಲಿಲ್ವಾ? ಅದಕ್ಕೇ ಮೈಯಳತೆ ಸರಿಯಾಗಿ ಬರೋ ಹಾಗೆ ಚಿತ್ರ ಬರೆಯೋದು ಕಲೀತಿದೀನಿ. ತಲೆ ಎಷ್ಟುದ್ದವೋ ಅದನ್ನೇ ಅಳತೆಗೋಲು ಮಾಡ್ಕೊಂಡು ಮೈಯೆಲ್ಲ ಅಳೀಬೇಕು. ನೀವು ಒಂದೇ ಕಡೆ ನಿಂತಿರ್ತೀರಿ, ಅನುಕೂಲ. ಹನ್ನೊಂದು ತಿಂಗಳಿಂದ ನಿಮ್ಮನ್ನೇ ಬರೀತಿದೀನಿ."

"ಸುಳ್ಳು. ನಾಲ್ಕು ವಾರದಿಂದ ಕೂತಿದೀಯ."

"ಮೊದಲೆಲ್ಲ ಬ್ರೆಡ್ಡಿನ ಅಂಗಡಿ ಒಳಗಿಂದ ಬರೀತಿದ್ದೆ, ನಾಚಿಕೆಗೆ."

ಅವಳು ಅವನ ಪುಸ್ತಕವನ್ನು ಕಿತ್ತುಕೊಂಡಳು. ಪುಟಪುಟಕ್ಕೂ ಅವಳೇ, ಸೌಟು ಹಿಡಿದು ನಿಂತವಳು, ಮೈಮೇಲೆ ಅಡ್ಡಗೆರೆಗಳು. ಮೊದಲ ಪುಟದವಳು ಗಟ್ಟಿಮುಟ್ಟಾದ ಹೆಂಗಸು.

"ಕೊನೆಕೊನೇದು ನೋಡಬೇಡಿ," ಎಂದ ಮಕಾರಿಯೊ. "ಬರ್ತಾ ಬರ್ತಾ ನನ್ನ ಕೈ ಕೆಡ್ತಿದೆ. ತಲೆ ಅಷ್ಟೇ ಇದೆ, ಭುಜ ಮಾತ್ರ ಕಿರಿದಾಗ್ತಾ ಹೋಗ್ತಿದೆ. ಎಷ್ಟು ಸಲ ಅಳಿಸಿ ಬರೆದ್ರೂ ಹಾಗೇ ಬರುತ್ತೆ. ಎಲ್ಲಿ ತಪ್ತಿದೀನೋ ಗೊತ್ತಾಗ್ತಿಲ್ಲ."

ಕೊನೆಯ ಪುಟದಲ್ಲಿ ಭುಜದ ಹತ್ತಿರ ಕಾಗದ ಉಜ್ಜಿ ಉಜ್ಜಿ ತೂತು ಬಿದ್ದಿತ್ತು. ನಿಕೊಲಾಸ ಮತ್ತೆ ಮೊದಲ ಪುಟಕ್ಕೆ ತಿರುವಿದಳು, ತನ್ನ ಭುಜವನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಪುಸ್ತಕವನ್ನು ಮೆಲ್ಲಗೆ ಅವನ ಕೈಗೆ ಕೊಟ್ಟಳು.

"ನಿಮ್ದೇನೂ ತಪ್ಪಿಲ್ಲ," ಎಂದಳು.

ಅತೋಲ್ ಅರ್ಧ ಪಾತ್ರೆ ಇನ್ನೂ ಉಳಿದಿತ್ತು. ಅದನ್ನು ಹಾಗೇ ಬಿಟ್ಟು ಶಾಲೆಗೆ ನಡೆದಳು. ಹೆರ್ಮಿನಿಯಾ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದವಳು ಬಾಗಿಲಲ್ಲಿ ತಾಯಿಯನ್ನು ಕಂಡು ಗಾಬರಿಯಾದಳು.

"ಆಸ್ಪತ್ರೆಗೆ ಹೋಗೋಣ ಬಾ," ಎಂದಳು ನಿಕೊಲಾಸ. "ಈಗ್ಲೇ. ನಂಗೆ ಭಯ ಆಗ್ತಿದೆ, ಮಗಳೇ."